ನೀರನ್ನೇ ಕೇಳಬೇಕು

ಆಕ್ಲೆಂಡಿನಲ್ಲಿರುವ ಮಗನ ಮನೆಗೆ ಹೋದ ಮೂರನೆಯ ದಿನ ಗ್ಯಾರೇಜಿನ ಮೂಲೆಯಲ್ಲಿ ಒಂದು ಪಾತ್ರೆ ಕಣ್ಣಿಗೆ ಬಿತ್ತು. ನಮ್ಮ ಕಡೆ ಮದುವೆ ಮನೆಗಳಲ್ಲಿ ಕಾಫಿ ತುಂಬಿಡುವ ಸ್ಟೀಲ್ ಡ್ರಮ್ಮಿನಷ್ಟು ದೊಡ್ಡದು. ಅದರ ನೆತ್ತಿಯ ಮೇಲೆ ತಾಮ್ರದ ಕೊಳವೆಯೊಂದು ನೆಟ್ಟಗೆ ನಿಂತಿತ್ತು. ಪಕ್ಕದ ಗೋಡೆಗೆ ಒಂದು ಡಬ್ಬಿ. ಡಬ್ಬಿಯ ಮುಖದ ಮೇಲೆ ತಿರುಗಿಸುವ ಗುಂಡಿ ಒಂದು, ಅಂಕಿ ತೋರಿಸುವ ಪುಟ್ಟ ಕಿಟಕಿ ಎರಡು. ನೀರು ಶುದ್ಧಮಾಡುವ ಯಂತ್ರವಿರಬೇಕು ಅಂದುಕೊಂಡೆ. 32 ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನದ ಪಾಠ ಮಾಡಿದವಳು ನಾನು. ಇಂಥದ್ದನ್ನು ಕಂಡರೆ ಕೇಳದೆ ಇರಲಾಗುವುದಿಲ್ಲ. ರಾತ್ರಿ ಊಟಕ್ಕೆ ಕೂತಾಗ ಕೇಳಿದೆ. ಮಗ ಸೊಸೆಯ ಮುಖ ನೋಡಿದ. ಸೊಸೆ ತಟ್ಟೆ ನೋಡಿದಳು.

"ಅದು ಬಟ್ಟಿ ಇಳಿಸೋದಮ್ಮ" ಅಂದ.

"ಏನು ಬಟ್ಟಿ? ಪನ್ನೀರಾ?"

"ಅಲ್ಲ, ಸ್ಪಿರಿಟ್ಟು. ಜಿನ್ ಮಾಡ್ತೀನಿ. ವರ್ಷಕ್ಕೆ ನಾಲ್ಕೈದು ಬಾಟಲಿ, ಅಷ್ಟೇ. ಇಲ್ಲಿ ಅದಕ್ಕೆ ಕಾನೂನಿನ ಅಡ್ಡಿ ಇಲ್ಲ."

ಕೈಯಲ್ಲಿದ್ದ ತುತ್ತು ಕೈಯಲ್ಲೇ ಉಳಿಯಿತು.

ಅವನು ಹೇಳಿದ್ದು ಸುಳ್ಳಲ್ಲ. ನ್ಯೂಜಿಲೆಂಡಿನಲ್ಲಿ 1996ರಿಂದ ಜನ ತಮ್ಮ ಸ್ವಂತ ಬಳಕೆಗೆ ಮನೆಯಲ್ಲಿ ಮದ್ಯ ಬಟ್ಟಿ ಇಳಿಸಬಹುದು. ಮಾರುವಂತಿಲ್ಲ, ಅಷ್ಟೇ, ಮಾರಬೇಕಾದರೆ ಪರವಾನಗಿ ಬೇಕು, ತೆರಿಗೆ ಕಟ್ಟಬೇಕು. ಅದೇ ಕೆಲಸವನ್ನು ನಮ್ಮ ಊರಿನಲ್ಲಿ ಮಾಡಿದರೆ 1965ರ ಅಬಕಾರಿ ಕಾಯ್ದೆಯ ಪ್ರಕಾರ ಜೈಲು. ಅಲ್ಲಿ ಅದರ ಹೆಸರು ಹವ್ಯಾಸ, ಇಲ್ಲಿ ಅದರ ಹೆಸರು ಕಳ್ಳಬಟ್ಟಿ. ಕಡಲು ದಾಟಿದ ಕೂಡಲೆ ತಪ್ಪು ತಪ್ಪಲ್ಲವಾಗುತ್ತದೆಯೆ? ಆ ರಾತ್ರಿ ಹಾಸಿಗೆಯಲ್ಲಿ ಹೊರಳಾಡುತ್ತ ನಾನು ಯೋಚಿಸಿದ್ದು ಇದನ್ನೇ.

ಕಳ್ಳಬಟ್ಟಿ ಅನ್ನುವ ಮಾತು ನಮ್ಮಂಥ ಹೆಂಗಸರ ಕಿವಿಗೆ ಬರಿಯ ಮಾತಲ್ಲ. ನಾನು ಚಿಕ್ಕವಳಿದ್ದಾಗ ನಮ್ಮೂರ ಕೆರೆಯ ಹಿಂದಿನ ಪೊದೆಗಳಲ್ಲಿ ಬೆಲ್ಲದ ಕೊಳೆಯ ಮಡಕೆಗಳನ್ನು ಹೂತಿಡುತ್ತಿದ್ದರು. ಅಬಕಾರಿಯವರು ಬಂದು ಒಡೆದುಹಾಕಿದ ದಿನ ಊರಿಗೆಲ್ಲ ಹುಳಿವಾಸನೆ. 1981ರಲ್ಲಿ ಬೆಂಗಳೂರಿನಲ್ಲಿ ಮಿಥೈಲ್ ಆಲ್ಕೋಹಾಲ್ ಬೆರೆತ ಸಾರಾಯಿ ಕುಡಿದು 300ಕ್ಕೂ ಹೆಚ್ಚು ಜನ ಸತ್ತರು. ಆಗ ಪತ್ರಿಕೆಯಲ್ಲಿ ಬಂದ ಚಿತ್ರಗಳಲ್ಲಿ ಆಸ್ಪತ್ರೆಯ ಬಾಗಿಲಲ್ಲಿ ತಲೆಯ ಮೇಲೆ ಕೈಹೊತ್ತು ಕುಳಿತವರೆಲ್ಲ ಹೆಂಗಸರೇ. ನನ್ನ ಪಾಲಿಗೆ ಇದೆಲ್ಲ ಪತ್ರಿಕೆಯ ಸುದ್ದಿ ಮಾತ್ರವಾಗಿರಲಿಲ್ಲ. ನಮ್ಮ ಮನೆಯಲ್ಲೇ ಒಂದು ಕತೆ ಇತ್ತು; ಅದನ್ನು ಮುಂದೆ ಹೇಳುತ್ತೇನೆ.

ಮಾರನೆಯ ದಿನ ಮಗ ನನ್ನನ್ನು ಗ್ಯಾರೇಜಿಗೆ ಕರೆದುಕೊಂಡು ಹೋದ. "ನೀನು ವಿಜ್ಞಾನದ ಟೀಚರು. ಬೈಯೋದಾದ್ರೆ ನೋಡಿ ಆಮೇಲೆ ಬೈಯಿ" ಅಂದ. ನ್ಯಾಯವಾದ ಮಾತು ಅನ್ನಿಸಿ ಹೋದೆ.

ಪಾತ್ರೆಯ ತಳದಲ್ಲಿ 2000 ವಾಟ್‌ನ ಹೀಟರು. ಅದಕ್ಕೆ ಎಷ್ಟು ವಿದ್ಯುತ್ತು ಹೋಗಬೇಕು ಎಂಬುದನ್ನು ಗೋಡೆಯ ಮೇಲಿನ ಡಬ್ಬಿ ನಿಯಂತ್ರಿಸುತ್ತದೆ. ಒಂದು ಕಿಟಕಿಯಲ್ಲಿ ವೋಲ್ಟು, ಇನ್ನೊಂದರಲ್ಲಿ ಆಂಪಿಯರು. ಮಕ್ಕಳಿಗೆ ನಾನು ಇದನ್ನು ಮಹಡಿಯ ಮೇಲಿನ ನೀರಿನ ತೊಟ್ಟಿಯ ಉದಾಹರಣೆ ಕೊಟ್ಟು ಹೇಳುತ್ತಿದ್ದೆ. ತೊಟ್ಟಿ ಎಷ್ಟು ಎತ್ತರದಲ್ಲಿದೆ ಎಂಬುದು ವೋಲ್ಟು. ನಲ್ಲಿಯಲ್ಲಿ ಎಷ್ಟು ನೀರು ಹರಿಯುತ್ತಿದೆ ಎಂಬುದು ಆಂಪಿಯರು. ಒಂದನ್ನೇ ನೋಡಿದರೆ ಸಾಲದು. ತೊಟ್ಟಿ ತುಂಬಿದ್ದರೂ ನಲ್ಲಿ ಕಟ್ಟಿಕೊಂಡಿರಬಹುದು. ಹೀಟರಿನ ತಂತಿ ತುಂಡಾದರೆ ವೋಲ್ಟು ನೆಟ್ಟಗೇ ತೋರಿಸುತ್ತಿರುತ್ತದೆ, ಆಂಪಿಯರು ಸೊನ್ನೆಯಾಗುತ್ತದೆ. ಎರಡನ್ನೂ ನೋಡಿ ಗುಣಿಸಿದರೆ ಸಿಗುವುದು ವಾಟು, ಅಂದರೆ ಪಾತ್ರೆಯೊಳಗೆ ಕ್ಷಣಕ್ಷಣಕ್ಕೂ ಇಳಿಯುತ್ತಿರುವ ಶಾಖ.

"ಅಷ್ಟೆಲ್ಲ ಯಾಕೋ? ಇಸ್ತ್ರಿಪೆಟ್ಟಿಗೆಗೆ ಇರೋ ಹಾಗೆ ಬಿಸಿ ಹೆಚ್ಚಾದ್ರೆ ತಾನೇ ಆರಿಹೋಗೋ ಥರ್ಮೋಸ್ಟಾಟ್ ಹಾಕಿದ್ರೆ ಆಗಲ್ವೆ?" ಅಂದೆ. ಅಂದ ಮೇಲೆ ಉತ್ತರ ನನಗೇ ಹೊಳೆಯಿತು. ಅನ್ನಕ್ಕೆ ಎಸರಿಟ್ಟ ಯಾರಿಗಾದರೂ ಗೊತ್ತಿರುವ ವಿಷಯ: ನೀರು ಕುದಿಯಲು ಶುರುವಾದ ಮೇಲೆ ಉರಿ ಎಷ್ಟು ಹೆಚ್ಚಿಸಿದರೂ ಬಿಸಿ 100 ಡಿಗ್ರಿ ದಾಟುವುದಿಲ್ಲ. ಹೆಚ್ಚುವುದು ಆವಿ ಮಾತ್ರ. ಕುದಿಯುವ ಪಾತ್ರೆಯಲ್ಲಿ ಥರ್ಮಾಮೀಟರು ಇಟ್ಟರೆ ಸಣ್ಣ ಉರಿಗೂ ದೊಡ್ಡ ಉರಿಗೂ ಅದು ಒಂದೇ ಅಂಕಿ ತೋರಿಸುತ್ತದೆ. ಆದ್ದರಿಂದ ಬಟ್ಟಿ ಇಳಿಸುವವನು ಬಿಸಿಯನ್ನಲ್ಲ, ಉರಿಯನ್ನೇ ಅಳೆಯಬೇಕು. ಉರಿ ಹೆಚ್ಚಾಗಿ ತಣ್ಣೀರಿನ ಕೊಳವೆ ಹಿಡಿದಿಡುವುದಕ್ಕಿಂತ ಹೆಚ್ಚು ಆವಿ ಎದ್ದರೆ ಅದು ಹೊರಗೆ ನುಗ್ಗುತ್ತದೆ. ಮದ್ಯದ ಆವಿ ಕಿಡಿ ಸೋಕಿದರೆ ಹೊತ್ತಿಕೊಳ್ಳುವಂಥದ್ದು.

"ನೋಡು, ಎಲ್ಲಾ ಅಳತೆಯಲ್ಲಿದೆ. ಮಾಡೋದೂ ಅಳತೆ, ಕುಡಿಯೋದೂ ಅಳತೆ. ಅಳತೆ ಇದ್ದಮೇಲೆ ತಪ್ಪೆಲ್ಲಿ ಬಂತಮ್ಮ?" ಅಂದ ಮಗ.

ಈ ಮಾತನ್ನು ನಾನು ಮೊದಲೂ ಕೇಳಿದ್ದೆ. ನಮ್ಮ ಭಾವ ಹೇಳುತ್ತಿದ್ದರು. "ನಾನೇನು ಕುಡುಕನೇನಮ್ಮ? ಬರೀ ಕ್ವಾರ್ಟರ್. ಲೆಕ್ಕ ಇಟ್ಟು ಕುಡಿಯೋನು ಕೆಡೋದಿಲ್ಲ." ಭಾವನ ಲೆಕ್ಕದಲ್ಲಿ ಯಾವಾಗಲೂ ಕ್ವಾರ್ಟರೇ ಇರುತ್ತಿತ್ತು.

ಅಕ್ಕ ನನಗಿಂತ ಆರು ವರ್ಷಕ್ಕೆ ದೊಡ್ಡವಳು. ಭಾವ ಸರ್ಕಾರಿ ನೌಕರಿಯವರು, ಓದಿದವರು, ಜನರ ನಡುವೆ ನಗುನಗುತ್ತ ಇರುವವರು. ಕೆರೆಯ ಹಿಂದಿನ ಸಾರಾಯಿ ಕುಡಿಯುವವರನ್ನು ಕಂಡರೆ ಅವರಿಗೂ ಹೇಸಿಗೆಯೇ. ಅವರದು ಅಂಗಡಿಯ ಬಾಟಲಿ. 1993ರ ಒಂದು ರಾತ್ರಿ ಹತ್ತು ಗಂಟೆಯ ಕೊನೆಯ ಬಸ್ಸಿಗೆ ಅಕ್ಕ ಎಂಟು ವರ್ಷದ ಮಗಳ ಕೈ ಹಿಡಿದುಕೊಂಡು, ಒಂದು ಬಟ್ಟೆಯ ಚೀಲ ಹೊತ್ತುಕೊಂಡು ನಮ್ಮ ಮನೆಗೆ ಬಂದಳು. ಏನೂ ಹೇಳಲಿಲ್ಲ. ಮಗುವನ್ನು ಮಲಗಿಸಿ ಅಡುಗೆಮನೆಯಲ್ಲಿ ಗೋಡೆಗೊರಗಿ ಕುಳಿತಳು. ನಾನು ಪ್ರಶ್ನೆ ಕೇಳಿದೆ. "ಹೊಡೆದರಾ?" "ಇಲ್ಲ." "ಖರ್ಚಿಗೆ ಕೊಡ್ತಾರಾ?" "ಕೊಡ್ತಾರೆ." "ದಿನಾ ಕುಡೀತಾರಾ?" "ದಿನಾ ಇಲ್ಲ."

ಇಷ್ಟೇ ಕೇಳಿ ನಾನು ಲೆಕ್ಕ ಹಾಕಿಬಿಟ್ಟೆ. ಹೊಡೆತವಿಲ್ಲ, ಬಡತನವಿಲ್ಲ, ದಿನವೂ ಇಲ್ಲ. "ಅಷ್ಟೇನೂ ಅಲ್ಲವಲ್ಲಕ್ಕ, ಸರಿಹೋಗುತ್ತೆ" ಅಂದೆ. ಬೆಳಿಗ್ಗೆ ನಾಲ್ಕು ಚಪಾತಿ, ಉಪ್ಪಿನಕಾಯಿ ಕಟ್ಟಿಕೊಟ್ಟು ಬಸ್ಸು ಹತ್ತಿಸಿದೆ. ಅದಾದ ಮೇಲೆ ಹಬ್ಬಕ್ಕೆ, ಮದುವೆಗೆ ಅಕ್ಕ ಬರುತ್ತಿದ್ದಳು. ಚೀಲ ಹೊತ್ತುಕೊಂಡು ಮಾತ್ರ ಇನ್ನೊಮ್ಮೆ ಬರಲಿಲ್ಲ.

ಇದರಲ್ಲಿ ನಗುವಂಥದ್ದೂ ಒಂದಿದೆ, ನಗು ಬಂದರೆ. 1992ರಲ್ಲಿ ಆಂಧ್ರದ ನೆಲ್ಲೂರು ಜಿಲ್ಲೆಯ ದೂಬಗುಂಟದ ಹೆಂಗಸರು ಸಾರಾಯಿಯ ವಿರುದ್ಧ ಎದ್ದು ನಿಂತಿದ್ದರು. ಅಕ್ಷರ ಕಲಿಯಲು ಸೇರುತ್ತಿದ್ದ ಹೆಂಗಸರು ಅಂಗಡಿಯನ್ನೇ ಮುಚ್ಚಿಸಿದರು. ಆ ಕಿಚ್ಚು ಊರಿಂದೂರಿಗೆ ಹಬ್ಬಿ 1993ರಲ್ಲಿ ಆಂಧ್ರದಲ್ಲಿ ಸಾರಾಯಿ ನಿಷೇಧವಾಯಿತು. ನಾನು ನಮ್ಮ ಶಾಲೆಯ ಸಮಾರಂಭದಲ್ಲಿ ಇದನ್ನು ಕುರಿತು ಭಾಷಣ ಮಾಡಿ ಚಪ್ಪಾಳೆ ಗಿಟ್ಟಿಸಿದ್ದೆ. ಅಕ್ಕನನ್ನು ಬಸ್ಸು ಹತ್ತಿಸಿದ್ದೂ ಅದೇ ವರ್ಷ. ಮುಂದೆ 2007ರ ಜುಲೈ 1ರಿಂದ ಕರ್ನಾಟಕದಲ್ಲೂ ಸಾರಾಯಿ ನಿಂತಿತು. ಅಂಗಡಿಯ ಬಾಟಲಿಗೆ ಅದರಿಂದ ಏನೂ ಆಗಲಿಲ್ಲ. ಭಾವ ಮರುವರ್ಷ ಲಿವರಿನ ಕಾಯಿಲೆಯಿಂದ ತೀರಿಕೊಂಡರು.

ಮಗನಿಗೆ ಈ ಕತೆ ಅರ್ಧಂಬರ್ಧ ಗೊತ್ತಿತ್ತು. ಅವತ್ತು ಗ್ಯಾರೇಜಿನಲ್ಲಿ ನಾನು ಅದನ್ನೆತ್ತಲಿಲ್ಲ. "ಅಳತೆ ಪಾತ್ರೆಗೆ ಸರಿ ಕಣೋ, ಮನುಷ್ಯನಿಗೆ ಅಳತೆ ಇಡೋರು ಯಾರು?" ಎಂದಷ್ಟೇ ಅಂದು ಒಳಗೆ ಬಂದೆ. ನನ್ನ ಮಾತು ನನಗೇ ಬಹಳ ಚೆನ್ನಾಗಿ ಕೇಳಿಸಿತು. ಚೆನ್ನಾಗಿ ಕೇಳಿಸುವ ಮಾತು ಆಡಿದ ಮೇಲೆ ಸ್ವಲ್ಪ ಹುಷಾರಾಗಿರಬೇಕು ಎಂಬುದು ಆಮೇಲೆ ಗೊತ್ತಾಯಿತು.

ಒಂದು ಶನಿವಾರ ಮಗ ಗ್ಯಾರೇಜಿನಿಂದ ಗಾಬರಿಯಾಗಿ ಬಂದ. ಹಳೆಯ ಡಬ್ಬಿ ಕೆಟ್ಟು ಹೊಸದನ್ನು ಹಾಕಿದ್ದನಂತೆ. ಗುಂಡಿ ಅರ್ಧಕ್ಕಿಟ್ಟಿದ್ದ. ಮೀಟರಿನಲ್ಲಿ 115 ವೋಲ್ಟು, 4.35 ಆಂಪಿಯರು. ಗುಣಿಸಿದರೆ 500 ವಾಟು, ಅಂದರೆ ಹೀಟರಿನ ಪೂರ್ಣ ಶಕ್ತಿಯ ಕಾಲುಭಾಗ. ಆದರೆ ತೊಟ್ಟಿಕ್ಕಬೇಕಾದದ್ದು ಧಾರೆಯಾಗಿ ಸುರಿಯುತ್ತಿತ್ತು. ತಣ್ಣೀರಿನ ಕೊಳವೆ ಮುಟ್ಟಿದರೆ ಸುಡುತ್ತಿತ್ತು. ಅವನು ಪಕ್ಕದಲ್ಲೇ ಇದ್ದುದರಿಂದ ಆರಿಸಿದ. ಫೋನಿನಲ್ಲಿ ಮಾತಾಡಲು ಒಳಗೆ ಬಂದಿದ್ದರೆ ಏನಾಗುತ್ತಿತ್ತೋ. "ಎರಡು ಮೀಟರೂ ಹೊಸವು. ಎರಡೂ ಕೆಟ್ಟಿರೋಕೆ ಹೇಗಮ್ಮ ಸಾಧ್ಯ?" ಅಂದ.

ನನ್ನೊಳಗಿನ ಟೀಚರು ಎದ್ದು ಕುಳಿತಳು. "ಮೀಟರನ್ನ ಕೇಳಬೇಡ, ನೀರನ್ನ ಕೇಳು" ಅಂದೆ.

ಪಾತ್ರೆಯನ್ನು ಆರಿಸಿ, ತೊಳೆದು, ಅಳೆದು 10 ಲೀಟರು ನಲ್ಲಿ ನೀರು ಹಾಕಿದೆವು. ಥರ್ಮಾಮೀಟರು ಇಳಿಬಿಟ್ಟೆವು. ನಾನು ಕೈಗಡಿಯಾರ ಹಿಡಿದು ಸ್ಟೂಲಿನ ಮೇಲೆ ಕುಳಿತೆ. ಲೆಕ್ಕ ಸುಲಭ. ಒಂದು ಲೀಟರು ನೀರನ್ನು ಒಂದು ಡಿಗ್ರಿ ಬಿಸಿಮಾಡಲು ಸುಮಾರು 4200 ಜೂಲ್ ಬೇಕು. 10 ಲೀಟರನ್ನು 20 ಡಿಗ್ರಿಯಿಂದ 50 ಡಿಗ್ರಿಗೆ ಏರಿಸಲು 12 ಲಕ್ಷ 60 ಸಾವಿರ ಜೂಲ್. 500 ವಾಟಿನ ಉರಿಯಾದರೆ ಅದಕ್ಕೆ 42 ನಿಮಿಷ ಹಿಡಿಯಬೇಕು. ನಮ್ಮ ನೀರು 23ನೆಯ ನಿಮಿಷಕ್ಕೇ 50 ಡಿಗ್ರಿ ಮುಟ್ಟಿತು. ಪಾತ್ರೆ ಕುಡಿದದ್ದು, ಗಾಳಿಗೆ ಹೋದದ್ದು ಕಳೆದರೆ ಉರಿ ನಿಜವಾಗಿ 1000 ವಾಟು. ಮೀಟರು ಕಾಲು ಅನ್ನುತ್ತಿತ್ತು, ಹೋಗುತ್ತಿದ್ದದ್ದು ಅರ್ಧ!

ಮೀಟರುಗಳು ಕೆಟ್ಟಿರಲಿಲ್ಲ. ಅವು ತಮಗೆ ಗೊತ್ತಿದ್ದ ರೀತಿಯಲ್ಲಿ ಅಳೆದಿದ್ದವು. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಬೇಸರಪಡಬೇಡಿ. ಮನೆಗೆ ಬರುವ ವಿದ್ಯುತ್ತು ಸಮುದ್ರದ ಅಲೆಯ ಹಾಗೆ ಏರಿಳಿಯುತ್ತ ಬರುತ್ತದೆ, ಸೆಕೆಂಡಿಗೆ 50 ಸಲ. ನಿಯಂತ್ರಕದ ಡಬ್ಬಿ ಈ ಅಲೆಯನ್ನು ತಗ್ಗಿಸುವುದಿಲ್ಲ, ಕತ್ತರಿಸುತ್ತದೆ. ಅಲೆಯ ಪ್ರತಿಯೊಂದು ಏರಿನಲ್ಲೂ ಮೊದಲರ್ಧ ಬಾಗಿಲು ಮುಚ್ಚಿಟ್ಟು, ಅಲೆ ಪೂರ್ತಿ ಎತ್ತರಕ್ಕೆ ಬಂದಾಗ ಥಟ್ಟನೆ ತೆರೆಯುತ್ತದೆ. ಹೀಟರಿಗೆ ಸಿಗುವುದು ಹೀಗೆ: ಏನೂ ಇಲ್ಲ, ಏನೂ ಇಲ್ಲ, ಆಮೇಲೆ ಒಮ್ಮೆಲೆ ಪೂರ್ತಿ ರಭಸ. ಅಗ್ಗದ ಮೀಟರು ಇದನ್ನೆಲ್ಲ ಸೇರಿಸಿ ಸರಾಸರಿ ತೆಗೆಯುತ್ತದೆ. ಅಲೆ ಇಡಿಯಾಗಿಯೇ ಇದೆ ಎಂದುಕೊಂಡು ಆ ಸರಾಸರಿಯಿಂದ ಅಂಕಿ ಹೇಳುತ್ತದೆ. ಅಲೆ ಇಡಿಯಾಗಿದ್ದರೆ ಅದು ಹೇಳುವುದು ಸರಿ. ಅಲೆ ಕತ್ತರಿಸಿದ್ದರೆ ಕಡಿಮೆ ಹೇಳುತ್ತದೆ.

ಏಕೆಂದರೆ ಶಾಖ ಸರಾಸರಿಯ ಲೆಕ್ಕದಲ್ಲಿ ಹುಟ್ಟುವುದಿಲ್ಲ. ವರ್ಗದ ಲೆಕ್ಕದಲ್ಲಿ ಹುಟ್ಟುತ್ತದೆ. ವಿದ್ಯುತ್ತು ಎರಡರಷ್ಟಾದರೆ ಶಾಖ ನಾಲ್ಕರಷ್ಟು. ಈ ನಿಯಮವನ್ನು 1841ರಲ್ಲಿ ಪ್ರಕಟಿಸಿದ ಜೇಮ್ಸ್ ಜೂಲ್, ಇಂಗ್ಲೆಂಡಿನ ಸಾಲ್ಫರ್ಡ್‌ನ ಒಬ್ಬ ಬಿಯರ್ ತಯಾರಕನ ಮಗ ಎಂಬುದು ನಾನು ಪಾಠದಲ್ಲಿ ಮಕ್ಕಳಿಗೆ ಹೇಳದೆ ಬಿಟ್ಟಿದ್ದ ಸಂಗತಿ. ಶಾಲೆಯಲ್ಲಿ ಕಪ್ಪುಹಲಗೆಯ ಮೇಲೆ ಒಂದು ಸಣ್ಣ ಲೆಕ್ಕ ಹಾಕಿಸುತ್ತಿದ್ದೆ. ಒಂದು ತಂತಿಯಲ್ಲಿ ಎರಡು ಸೆಕೆಂಡೂ ಹತ್ತು ಹತ್ತು ಹರಿಯಲಿ. ಇನ್ನೊಂದರಲ್ಲಿ ಮೊದಲ ಸೆಕೆಂಡು ಸೊನ್ನೆ, ಎರಡನೆಯ ಸೆಕೆಂಡು ಇಪ್ಪತ್ತು. ಎರಡರ ಸರಾಸರಿಯೂ ಹತ್ತೇ. ಆದರೆ ಶಾಖ? ಮೊದಲನೆಯದರಲ್ಲಿ 100 ಮತ್ತು 100 ಸೇರಿ 200. ಎರಡನೆಯದರಲ್ಲಿ ಸೊನ್ನೆ ಮತ್ತು 400 ಸೇರಿ 400. ಸರಾಸರಿ ಒಂದೇ ಆದರೂ ಸುಡುವುದು ಎರಡರಷ್ಟು.

ಈ ಲೆಕ್ಕವನ್ನು ಮಗನಿಗೆ ಒಂದು ರಟ್ಟಿನ ತುಂಡಿನ ಮೇಲೆ ಬರೆದು ತೋರಿಸುತ್ತಿದ್ದೆ. 400 ಎಂದು ಬರೆದ ಕೈ ಅಲ್ಲೇ ನಿಂತಿತು. 'ದಿನಾ ಇಲ್ಲ' ಅಂದಿದ್ದಳಲ್ಲ ಅಕ್ಕ?

ದಿನಾ ಇಲ್ಲ. ಮೂರು ದಿನ ಏನೂ ಇಲ್ಲ, ನಾಲ್ಕನೆಯ ರಾತ್ರಿ ಪೂರ್ತಿ ರಭಸ. ನಾನು ಅದರ ಸರಾಸರಿ ತೆಗೆದು 'ಅಷ್ಟೇನೂ ಅಲ್ಲವಲ್ಲ' ಅಂದಿದ್ದೆ. ನನ್ನ ಮೀಟರು ಕೆಟ್ಟಿರಲಿಲ್ಲ. ಇಡಿ ಅಲೆಗೆ ತಕ್ಕಂತೆ ಮಾಡಿದ್ದಾಗಿತ್ತು. ನನ್ನ ದಿನಗಳು ಇಡಿಯಾಗಿದ್ದವು. ಬೆಳಿಗ್ಗೆ ಶಾಲೆ, ತಿಂಗಳಿಗೆ ಸಂಬಳ, ಸಂಜೆ ಐದೂವರೆಗೆ ಮನೆಗೆ ಬರುವ ಗಂಡ. ಸಣ್ಣಪುಟ್ಟ ಏರಿಳಿತವಿದ್ದರೂ ನನ್ನ ಇವತ್ತನ್ನು ನೋಡಿದರೆ ನಾಳೆಯನ್ನು ಹೇಳಬಹುದಿತ್ತು. ಅಂಥ ದಿನಗಳ ಅಳತೆಗೋಲನ್ನು ಅಕ್ಕನ ದಿನಗಳಿಗೆ ಇಟ್ಟೆ. ಕಾಲು ಅಂತ ಓದಿ ಬಸ್ಸು ಹತ್ತಿಸಿದೆ.

ನಾವು ಹೆಂಗಸರು ಒಬ್ಬರನ್ನೊಬ್ಬರು ಎಷ್ಟು ಸಲ ಹೀಗೆ ಅಳೆಯುತ್ತೇವೆ! ಅವಳಿಗೇನು, ಕೈತುಂಬ ಬಳೆ ಇದೆ. ಮೊನ್ನೆ ಅರಿಶಿನ ಕುಂಕುಮಕ್ಕೆ ಬಂದಾಗ ನಗುನಗುತ್ತ ಇದ್ದಳಲ್ಲ. ಅತ್ತೆ ಬೈದರೆ ಬೈದಾರು, ಊಟಕ್ಕೇನು ಕಡಿಮೆಯೆ? ನಮ್ಮ ಮಾತು ಯಾವುದೂ ಸುಳ್ಳಲ್ಲ. ಬಳೆಯೂ ನಿಜ, ನಗುವೂ ನಿಜ. ಎಲ್ಲವನ್ನೂ ಸರಿಯಾಗಿಯೇ ಓದಿ ಗುಣಿಸಿ, ತಪ್ಪು ಉತ್ತರ ಹೇಳುತ್ತೇವೆ. ನೋವಿಲ್ಲದ ದಿನಗಳನ್ನು ನೋವಿನ ದಿನದ ಮೇಲೆ ಹರಡಿ ಸಮಮಾಡುತ್ತೇವೆ. ಸುಟ್ಟವಳಿಗೆ ಗೊತ್ತು, ಅದು ಹಾಗೆ ಸಮವಾಗುವುದಿಲ್ಲ ಎಂದು.

'ಹಾಗಾದರೆ ಅವಳೇ ಹೇಳಬಹುದಿತ್ತಲ್ಲ' ಎಂದು ನೀವು ಕೇಳಬಹುದು. ನಾನೂ ಇಷ್ಟು ವರ್ಷ ಈ ಮಾತಿನ ಮರೆಯಲ್ಲೇ ಕುಳಿತಿದ್ದೆ. ನಾನು ಕೇಳಿದ್ದೆ, ಅವಳು ಇಲ್ಲ ಅಂದಳು, ನನ್ನ ತಪ್ಪೇನು? ಆದರೆ ನಾನು ಕೇಳಿದ್ದು ಮೀಟರಿನ ಪ್ರಶ್ನೆಗಳನ್ನು. ಹೌದು ಅಥವಾ ಇಲ್ಲ, ಇಷ್ಟೇ ಉತ್ತರ ಬರುವಂಥವು. ನೀರಿಗೆ ಹಾಗೆ ಪ್ರಶ್ನೆ ಕೇಳಲಾಗುವುದಿಲ್ಲ. ಅದರ ಪಕ್ಕದಲ್ಲಿ ಸ್ಟೂಲು ಹಾಕಿಕೊಂಡು ಕುಳಿತಿರಬೇಕು. ಅವತ್ತು ರಾತ್ರಿ ನಾನು ಅಕ್ಕನ ಪಕ್ಕ ಕುಳಿತದ್ದು ಹತ್ತು ನಿಮಿಷವೂ ಇಲ್ಲ. ಬೆಳಿಗ್ಗೆ ಎಂಟೂವರೆಗೆ ಮೊದಲ ಪೀರಿಯಡ್ಡಿತ್ತು.

ಆ ದಿನವೇ ಅಕ್ಕನಿಗೆ ಫೋನು ಮಾಡಿದೆ. ಅಲ್ಲಿ ಸಂಜೆ ನಾಲ್ಕೂವರೆ, ನಮ್ಮೂರಲ್ಲಿ ಬೆಳಗಿನ ಹತ್ತು. ಕೊತ್ತಂಬರಿ ಸೊಪ್ಪು ಬಿಡಿಸುತ್ತ ಕುಳಿತಿದ್ದಳಂತೆ. ಹೇಗೆ ಶುರುಮಾಡಬೇಕೋ ತಿಳಿಯದೆ, "ಅಕ್ಕ, ಆವತ್ತು ರಾತ್ರಿ ಬಂದಿದ್ದೆಯಲ್ಲ, ಏನಾಗಿತ್ತು?" ಎಂದುಬಿಟ್ಟೆ. ಯಾವತ್ತು ಎಂದು ಅವಳು ಕೇಳಲಿಲ್ಲ. ಮೂವತ್ತು ವರ್ಷದ ಹಿಂದಿನ ರಾತ್ರಿ.

"ಈಗ ಯಾಕೇ ಅದೆಲ್ಲ?" ಅಂದಳು. ನಾನು ಸುಮ್ಮನಿದ್ದೆ. ಬಹಳ ಹೊತ್ತು ಅವಳೂ ಸುಮ್ಮನಿದ್ದಳು.

"ಅವರು ಕುಡಿದು ಬಂದ ರಾತ್ರಿಯಾದ್ರೂ ವಾಸಿ ಕಣೇ. ಬಂದಾಯ್ತಲ್ಲ ಅಂತ. ಬರದೆ ಇರೋ ಹೊತ್ತು ಇದೆಯಲ್ಲ, ಅದು. ನಮ್ಮ ಗೇಟಿನ ಚಿಲಕ ನೆನಪಿದೆಯಾ ನಿನಗೆ? ಒಂದೇ ಸಲ ಸದ್ದಾಗಿ ತೆಗೆದರೆ ಸರಿಯಾಗಿದ್ದಾರೆ ಅಂತ. ಎರಡು ಮೂರು ಸಲ ತಡಕಾಡಿದರೆ ಮಗೂನ ಎಬ್ಬಿಸಿ ಹಿಂದಿನ ಕೋಣೆಗೆ ಕಳಿಸಿ ಹೊರಗಿಂದ ಅಗಳಿ ಹಾಕ್ತಿದ್ದೆ. ಆವತ್ತು ಮಗು ಹೋಗಲ್ಲ ಅಂತು. 'ನೀನೂ ಬಾರಮ್ಮ' ಅಂತ ಸೆರಗು ಹಿಡಕೊಂಡು ಬಿಡಲೇ ಇಲ್ಲ. ಅದಕ್ಕೇ ಹೊರಟುಬಂದೆ."

ನಾನು ಅಳುತ್ತಿದ್ದದ್ದು ಅವಳಿಗೆ ಕೇಳಿಸಿರಬೇಕು. ಸಮಾಧಾನ ಮಾಡುವ ದನಿಯಲ್ಲಿ ಹೇಳಿದಳು: "ನೀನು ಕಟ್ಟಿಕೊಟ್ಟ ಚಪಾತೀನ ಮಗು ಬಸ್ಸಲ್ಲಿ ತಿಂತು. ನನಗೆ ಇಳೀಲಿಲ್ಲ ಅಷ್ಟೇ."

ಮಗ ಎರಡು ಅಂಕಿಗಳ ಮೇಲೆ ಕಣ್ಣಿಟ್ಟು ಶನಿವಾರಗಳನ್ನು ಕಳೆಯುತ್ತಿದ್ದ. ಅಕ್ಕ ಒಂದು ಚಿಲಕದ ಮೇಲೆ ಕಿವಿಯಿಟ್ಟು ವರ್ಷಗಳನ್ನೇ ಕಳೆದಿದ್ದಳು. ಅವನ ಅಂಕಿ ತಪ್ಪಿತ್ತು. ಅವಳ ಕಿವಿ ಒಂದು ದಿನವೂ ತಪ್ಪಿರಲಿಲ್ಲ.

ರಾತ್ರಿ ಮಗನಿಗೆ ದೊಡ್ಡಮ್ಮನ ಕತೆಯನ್ನು ಪೂರ್ತಿ ಹೇಳಿದೆ. ಅವನಿಗೆ ಅದರಲ್ಲಿ ಹೊಸದಾಗಿದ್ದದ್ದು ದೊಡ್ಡಪ್ಪನ ಕುಡಿತವಲ್ಲ. ಅಮ್ಮ ಬಸ್ಸು ಹತ್ತಿಸಿದ್ದು. "ನಾನು ದೊಡ್ಡಪ್ಪ ಅಲ್ಲಮ್ಮ" ಅಂದ, ಸಣ್ಣ ದನಿಯಲ್ಲಿ. ಅಲ್ಲ ಎಂಬುದು ನನಗೂ ಗೊತ್ತು. ಅವನನ್ನು ಭಾವನ ಅಳತೆಯಲ್ಲಿ ಅಳೆದರೆ ನಾನು ಇನ್ನೊಂದು ಸಲ ಅದೇ ತಪ್ಪು ಮಾಡಿದಂತಾಗುತ್ತದೆ. ಬೇರೆ ಅಲೆಗೆ ಮಾಡಿದ ಮೀಟರನ್ನು ಇವನಿಗೆ ಹಚ್ಚಿದಂತೆ. ಕೆರೆಯ ಹಿಂದಿನ ಮಡಕೆಯೂ ಈ ತಾಮ್ರದ ಕೊಳವೆಯೂ ಒಂದೇ ಕೆಲಸ ಮಾಡುತ್ತವೆ, ನಿಜ. ಆದರೆ ನಮ್ಮೂರಿನ ಹೆಂಗಸರು ಶಾಪ ಹಾಕಿದ್ದು ಮಡಕೆಗಲ್ಲ. ಖಾಲಿ ಹೊಟ್ಟೆಯ ಮಕ್ಕಳನ್ನು ನೋಡಿ, ಕತ್ತಲಲ್ಲಿ ಕೇಳುವ ಕಾಲಸಪ್ಪಳಕ್ಕೆ ಹೆದರಿ. ಕಾನೂನು ಕೇಳುವುದು ಎಷ್ಟು ಮಾಡಿದೆ, ಯಾರಿಗೆ ಮಾರಿದೆ ಎಂದು. ಕೇಳಲಿ, ಅದು ಅದರ ಕೆಲಸ. ಅಷ್ಟಕ್ಕೆ ಉತ್ತರ ಕೊಟ್ಟವನು ಎಲ್ಲಕ್ಕೂ ಉತ್ತರ ಕೊಟ್ಟೆ ಎಂದುಕೊಳ್ಳಬಾರದು. ಕುಡಿಯುವವನು ಗ್ಲಾಸಿನಲ್ಲಿ ಎಷ್ಟಿದೆ ಎಂದು ನೋಡುತ್ತಾನೆ. ಅದರ ಕಾವು ಎಷ್ಟು ಎಂಬುದು ಗೊತ್ತಾಗುವುದು ಅವನ ಪಕ್ಕದಲ್ಲಿ ಬದುಕುವವರಿಗೆ.

"ನನ್ನನ್ನ ಕೇಳಬೇಡ, ಕಾನೂನನ್ನೂ ಕೇಳಬೇಡ. ನಿನ್ನ ಹೆಂಡತೀನ ಕೇಳು. ಕೇಳಿ, ಅವಳು ಹೇಳೋವರೆಗೂ ಕೂತಿರು" ಅಂದೆ.

ಅವನು ಕೇಳಿದನಂತೆ. ಎರಡು ದಿನ ಬಿಟ್ಟು ಸೊಸೆ ಪಾತ್ರೆ ತೊಳೆಯುತ್ತ ನನ್ನ ಹತ್ತಿರ ಹೇಳಿದಳು: "ಅತ್ತೆ, ಅವರು ಕುಡಿಯೋದರಿಂದ ನನಗೆ ಏನೂ ತೊಂದರೆ ಇಲ್ಲ. ತಿಂಗಳಿಗೊಂದು ಸಲ ಸ್ನೇಹಿತರು ಬಂದಾಗ ಒಂದು ಗ್ಲಾಸು. ಆದ್ರೆ ಗ್ಯಾರೇಜಿನಲ್ಲಿ ಅದನ್ನ ಹಚ್ಚಿದಾಗ ನಾನು ಮಗೂನ ಕರಕೊಂಡು ಪಾರ್ಕಿಗೆ ಹೋಗಿಬಿಡ್ತೀನಿ. ಹೊತ್ತಿಕೊಂಡರೆ ಅಂತ ಭಯ. ಇಷ್ಟು ದಿನ ಅವರು ಅದನ್ನ ನನಗೆ ಪಾರ್ಕ್ ಅಂದ್ರೆ ಇಷ್ಟ ಅಂದುಕೊಂಡಿದ್ರು." ಹೇಳಿ ನಕ್ಕಳು. ನಾನೂ ನಕ್ಕೆ.

ಮಗ ಆ ಪಾತ್ರೆಯನ್ನು ಎಸೆದನೆಂದು ಬರೆದರೆ ಕತೆ ಚೆನ್ನಾಗಿ ಮುಗಿಯುತ್ತಿತ್ತು. ಎಸೆಯಲಿಲ್ಲ. ಮನೆಯಿಂದ ದೂರ, ಹಿತ್ತಲಿನ ಬೇಲಿಯ ಹತ್ತಿರ ಒಂದು ಮಾಡು ಕಟ್ಟಿಸಿ ಅಲ್ಲಿಗೆ ಸಾಗಿಸಿದ. ಕತ್ತರಿಸಿದ ಅಲೆಯನ್ನೂ ವರ್ಗದ ಲೆಕ್ಕದಲ್ಲೇ ಅಳೆಯುವ ಟ್ರೂ ಆರ್‌ಎಂಎಸ್ ಮೀಟರುಗಳನ್ನು ತಂದು ಹಾಕಿದ. ಅವು ಅದೇ ಗುಂಡಿಗೆ 163 ವೋಲ್ಟು, 6.15 ಆಂಪಿಯರು ತೋರಿಸಿದವು. ಗುಣಿಸಿದರೆ 1000. ನೀರು ಮೊದಲೇ ಹೇಳಿದ್ದ ಉತ್ತರ. ಇಷ್ಟಾದರೂ ನನಗೆ ಆ ಹವ್ಯಾಸ ಒಪ್ಪಿಗೆಯಾಯಿತೆಂದಲ್ಲ. ಅವನ ಮಗಳು ದೊಡ್ಡವಳಾಗುತ್ತಾಳೆ. ಮುಂದೊಂದು ದಿನ ಅವಳನ್ನೂ ಕೇಳಬೇಕಾಗುತ್ತದೆ ಎಂದು ಹೇಳಿಬಂದಿದ್ದೇನೆ.

ಇದು 2023ರ ಮೇ ತಿಂಗಳ ಮಾತು. ಆ ವರ್ಷ ಗೌರಿ ಹಬ್ಬಕ್ಕೆ ಅಕ್ಕನನ್ನು ಬರಮಾಡಿಕೊಂಡೆ. ಹಬ್ಬ ಮುಗಿದ ಮೇಲೂ ಹೋಗಲು ಬಿಡಲಿಲ್ಲ. ಕ್ಷಮಿಸು ಎಂದು ಕೇಳಲು ಬಾಯಿ ಬರಲಿಲ್ಲ. ನಮ್ಮಲ್ಲಿ ಒಡಹುಟ್ಟಿದವರು ಆ ಮಾತನ್ನು ಆಡುವುದಿಲ್ಲ. ಇಬ್ಬರೂ ಒಂದೇ ಕೋಣೆಯಲ್ಲಿ ಮಲಗುತ್ತಿದ್ದೆವು. ಒಂದು ರಾತ್ರಿ ಹನ್ನೊಂದರ ಹೊತ್ತಿಗೆ ಪಕ್ಕದ ವಠಾರದ ಹುಡುಗ ನಮ್ಮ ಗೇಟು ತೆಗೆದು ಒಳದಾರಿಯಲ್ಲಿ ಹಾದುಹೋದ. ನಮ್ಮದು ಹಳೆಯ ಗೇಟು, ಚಿಲಕ ತುಕ್ಕು ಹಿಡಿದದ್ದು. ಅವನು ಕತ್ತಲಲ್ಲಿ ಎರಡು ಮೂರು ಸಲ ಎಳೆದಾಡಿದ. ನಾನು ಕಣ್ಣುಬಿಟ್ಟು ನೋಡಿದರೆ ಅಕ್ಕ ಹಾಸಿಗೆಯ ಮೇಲೆ ಎದ್ದು ಕುಳಿತಿದ್ದಾಳೆ. ಭಾವ ತೀರಿಕೊಂಡು ಹದಿನೈದು ವರ್ಷವಾಗಿತ್ತು. "ಏನಿಲ್ಲ ಮಲಕ್ಕೋ" ಅಂದಳು ನನಗೆ. ನಾನು ಮಲಗಲಿಲ್ಲ. ಎದ್ದು ಅವಳ ಪಕ್ಕದಲ್ಲಿ ಕುಳಿತೆ. ಅವಳಿಗೆ ಮತ್ತೆ ನಿದ್ದೆ ಹತ್ತಲು ಬಹಳ ಹೊತ್ತು ಬೇಕಾಯಿತು.

ಬೆಳಿಗ್ಗೆ ಎದ್ದವಳೇ, ಕಾಫಿಗೂ ಮೊದಲು, ಕೊಬ್ಬರಿ ಎಣ್ಣೆಯ ಬಟ್ಟಲು ತೆಗೆದುಕೊಂಡು ಹೋಗಿ ಗೇಟಿನ ಚಿಲಕಕ್ಕೆ ಎಣ್ಣೆ ಬಿಟ್ಟೆ.